ಷೋಭಿ ಒಡೆದ ಭಾನುವಾರ

ಆ ಭಾನುವಾರ ಎಲ್ಲ ಭಾನುವಾರಗಳಂತೆಯೇ ಇತ್ತು. ಬನಶಂಕರಿ ಮೂರನೇ ಹಂತದಲ್ಲಿ ಒಂದು ಹಿಟ್ಟಿನ ಗಿರಣಿ, ಅದರ ಮೇಲಿನ ಮಹಡಿಯಲ್ಲಿ ಮಕ್ಕಳ ಟ್ಯೂಷನ್ ನಡೆಯುವ ಕೋಣೆ. ಭಾನುವಾರ ಬೆಳಿಗ್ಗೆ ಮಕ್ಕಳು ಬರುವುದಿಲ್ಲವಾದ್ದರಿಂದ ಅಷ್ಟು ಹೊತ್ತು ಆ ಕೋಣೆ ಗೂಢಲಿಪಿ ಕಲಿಯಲು ಬರುವ ನಮ್ಮದು. ಕೆಳಗೆ ರಾಗಿ ಬೀಸಲು ಶುರುವಾದರೆ ಮೇಲೆ ನೆಲ ಸಣ್ಣಗೆ ನಡುಗುತ್ತದೆ, ಸಾರ್ ಬೋರ್ಡಿನ ಮೇಲೆ ಎಳೆಯುವ ಗೆರೆಯೂ ನಡುಗುತ್ತದೆ. ಮೆಣಸಿನಕಾಯಿ ಬಿದ್ದರೆ ನಾವೆಲ್ಲ ಸೀನುತ್ತೇವೆ, ಯಾರಾದರೊಬ್ಬರು ಎದ್ದು ಕಿಟಕಿ ಮುಚ್ಚುತ್ತಾರೆ.

ಅಂದು ಪಾಠ ಮುಗಿದ ಮೇಲೆ ಸಾರ್ ಬೋರ್ಡಿನ ಮೇಲೆ ಒಂದು ಸಾಲು ಬರೆದರು: ಷೋಭಿ ಟಾಹು ಸಿಗುಬಿ ಳಾಝಾಢಿಧ್ಛ.

"ಸಾರ್, ಯಾರು ಸಾರ್ ಈ ಷೋಭಿ?" ಎಂದ ಬಿಟಿಎಂ ಲೇಔಟಿನ ಪಿಜಿಯಿಂದ ಬರುವ ಇಂಜಿನಿಯರ್. "ಮನೇಲಿ ಗೊತ್ತಾ?"

"ನೋಡಿ, ಇದು ನಾನೇ ಮಾಡಿರೋ ಬೀಗ," ಎಂದರು ಸಾರ್, ನಗುತ್ತ. "ಹಬ್ಬ ಎಲ್ಲ ಮುಗೀಲಿ, ನಿಧಾನಕ್ಕೆ ಒಡೀರಿ. ಅವಸರ ಇಲ್ಲ."

"ಳ-ದಿಂದ ಶುರುವಾಗೋ ಪದ ಕನ್ನಡದಲ್ಲಿ ಎಲ್ಲಿದೆ ಸ್ವಾಮಿ?" ಎಂದರು ಬ್ಯಾಂಕ್ ಅಂಕಲ್. ಜಯನಗರದವರು, ಬ್ಯಾಂಕಿನಿಂದ ನಿವೃತ್ತರಾದವರು, ಕೆಮ್ಮದೆ ಮಾತಾಡುವುದಿಲ್ಲ. "ಕಷ್ಟಪಟ್ಟು ಉಚ್ಚಾರ ಮಾಡಿದ್ರೆ ನನ್ನ ಹಲ್ಲಿನ ಸೆಟ್ಟು ಆಚೆ ಬರುತ್ತೆ."

ಎಲ್ಲರೂ ನಕ್ಕು ಮೆಟ್ಟಿಲಿಳಿದೆವು. ಸಾರ್ ಎಂದಿನಂತೆ ಬೋರ್ಡಿನ ಆ ಸಾಲಿನ ಸುತ್ತ ಚೌಕ ಎಳೆದು 'ಅಳಿಸಬೇಡಿ' ಎಂದು ಬರೆದು ಕೊನೆಯಲ್ಲಿ ಇಳಿದರು. ಅದೇ ಕೊನೆಯ ಮಾಮೂಲಿ ದಿನ.

ನಾನು ಅಲ್ಲಿಗೆ ಹೋಗಲು ಶುರುಮಾಡಿದ್ದು ಫೋನಿನಲ್ಲಿ ಕಂಡ ಒಂದು ಸಣ್ಣ ಬೀಗದ ಚಿತ್ರದಿಂದ. ಮೆಸೇಜ್ ಕಳಿಸುವ ಜಾಗದಲ್ಲಿ ಮೇಲೆ, ಇವು ಎನ್‌ಕ್ರಿಪ್ಟ್ ಆಗಿವೆ, ಬೇರೆ ಯಾರೂ ಓದಲಾಗದು ಎಂದು ಬರುತ್ತದಲ್ಲ, ಅದು. ನಾನು ಜೆ.ಪಿ. ನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಮೇಜರ್ ಬಿ.ಎ. ಯಾರೂ ಓದಲಾಗದಂತೆ ಬರೆಯುವುದು ಹೇಗೆ ಎಂದು ಯೋಚನೆ ಹತ್ತಿತು. ಅದಕ್ಕೆ ಕ್ರಿಪ್ಟೋಗ್ರಫಿ ಎಂಬ ದೊಡ್ಡ ಶಾಸ್ತ್ರವೇ ಇದೆ ಎಂದು ಆಮೇಲೆ ತಿಳಿಯಿತು. ವಿಡಿಯೋ ನೋಡಿದೆ. ಮೊದಲನೆಯದು ಅರ್ಥವಾಯಿತು, ಎರಡನೆಯದರಲ್ಲಿ ಅವರು ಗಣಿತದ ಗೋಡೆ ಹತ್ತಿ ಆಚೆ ಹಾರಿಬಿಟ್ಟರು, ನಾನು ಈಚೆಯೇ ನಿಂತೆ. ನನ್ನಂತೆ ಗೋಡೆಯ ಈಚೆ ನಿಂತವರಿಗೆ ಭಾನುವಾರ ಪುಕ್ಕಟೆಯಾಗಿ ಹೇಳಿಕೊಡುವವರೊಬ್ಬರಿದ್ದಾರೆ ಎಂದು ಟ್ಯೂಷನ್ ನಡೆಸುವ ಗೆಳತಿ ಹೇಳಿದಳು. "ಇಂಜಿನಿಯರ್ ಸಾರ್ ಅಂತ ಕೇಳು, ಗಿರಣಿಯವ್ರು ತೋರಿಸ್ತಾರೆ."

ಇಂಜಿನಿಯರ್ ಸಾರ್ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ನಾವು ಹಾಗೆಂದಾಗ ಅವರು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. ಮಾರ್ಕರಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದರು. ಅದನ್ನು ನಾನು ಅಭ್ಯಾಸ ಎಂದುಕೊಂಡಿದ್ದೆ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಭಾನುವಾರವೂ ಕುತ್ತಿಗೆಯಲ್ಲಿ ಕಂಪನಿಯ ಟ್ಯಾಗು. ಬಿಳೇಕಹಳ್ಳಿಯ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಕ್ಯಾಮೆರಾ, ನೆಟ್‌ವರ್ಕು ನೋಡಿಕೊಳ್ಳುವ ಕೆಲಸ. ಮನೆ ಇಟ್ಟಮಡು. ಸ್ಕೂಟರಿನಲ್ಲಿ ಬರುತ್ತಿದ್ದರು. ಹೆಲ್ಮೆಟ್ ತೆಗೆದು ಮೊದಲು ಕೂದಲು ಬಾಚಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು.

ಅವರ ಬಾಯಲ್ಲಿ ಯಾವ ಮಾತೂ 'ನೋಡಿ' ಇಲ್ಲದೆ ಹೊರಡುತ್ತಿರಲಿಲ್ಲ. ಬೈಯುವಾಗಲೂ ನೋಡಿ. ಹೋಟೆಲಿನವನಿಗೂ "ನೋಡಿ, ಕಾಫಿ ಬೈ ಟೂ ಕೊಡಿ." ಆ ಪದದ ಜೊತೆ ಬಲಗೈಯ ಎರಡು ಬೆರಳು ಒಟ್ಟಿಗೆ ಮೇಲೇಳುತ್ತಿದ್ದವು, ಗಾಳಿಯಲ್ಲಿ ಏನನ್ನೋ ಚಿವುಟುವ ಹಾಗೆ.

ಮೊದಲ ದಿನ ಅವರು ನನ್ನನ್ನು ಕೇಳಿದ್ದು, "ಗಣಿತ ಬರುತ್ತಾ?"

"ಇಲ್ಲ ಸಾರ್."

"ನೋಡಿ, ಒಳ್ಳೇದಾಯ್ತು. ಅಕ್ಷರ ಬರುತ್ತಲ್ಲ?"

ಗೋಡೆಗೆ ಮಕ್ಕಳ ವರ್ಣಮಾಲೆಯ ಚಾರ್ಟು ತೂಗುಹಾಕಿತ್ತು. ಅವರ ಇಡೀ ಪಾಠ ಅದರ ಮೇಲೆಯೇ. ಸ್ಟೀಲ್ ಸ್ಕೇಲಿನಿಂದ ಒಂದೊಂದೇ ವ್ಯಂಜನ ಮುಟ್ಟಿ ಎಣಿಸಿದರು. ಕ ಒಂದು, ಖ ಎರಡು, ಹಾಗೇ ಹೋಗಿ ಳ ಮೂವತ್ತನಾಲ್ಕು. ಇನ್ನು ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ, ಅದೇ ಕೀ ಎಂದರು. ಸಂದೇಶದ ಕೆಳಗೆ ಆ ಪದವನ್ನು ಮತ್ತೆ ಮತ್ತೆ ಬರೆಯುತ್ತ ಹೋಗಿ, ಮೇಲಿನ ಅಕ್ಷರಕ್ಕೆ ಕೆಳಗಿನ ಅಕ್ಷರದ ಸಂಖ್ಯೆ ಕೂಡಿಸಿ, ಅಷ್ಟು ಮನೆ ಮುಂದೆ ಸರಿಸಿ. ಮೂವತ್ತನಾಲ್ಕು ದಾಟಿದರೆ ಮತ್ತೆ ಕ-ಗೆ ಬನ್ನಿ, ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬರುವ ಹಾಗೆ. ಕಾಗುಣಿತದ ಕೊಂಬು, ದೀರ್ಘ ಮುಟ್ಟಬೇಡಿ, ಅವು ಇದ್ದಲ್ಲೇ ಇರಲಿ. ಒತ್ತಕ್ಷರವನ್ನು ಎರಡಾಗಿ ಎಣಿಸಿ, ಬಿಡಿ ಸ್ವರ ಬಂದರೆ ಲೆಕ್ಕಕ್ಕೆ ಬೇಡ.

"ಇಷ್ಟೇನಾ ಸಾರ್?" ಎಂದೆ.

"ಇಷ್ಟೇ ಅಲ್ಲ. ಇದು ಅಂಗನವಾಡಿ. ಆದ್ರೆ ಅಂಗನವಾಡಿ ಬಿಟ್ಟು ಕಾಲೇಜಿಗೆ ಹೋದೋರು ತುಂಬ ಜನ ಇದಾರೆ, ಅವ್ರು ಮಾಡೋ ಆ್ಯಪ್‌ಗಳೇ ನಮ್ಮ ಫೋನಲ್ಲಿರೋದು."

ಬಿಟಿಎಂ ಇಂಜಿನಿಯರಿಗೆ ಅವಸರ. ಅವನು ತಾನೇ ಒಂದು ಹೊಸ ಗೂಢಲಿಪಿ ಮಾಡಿ ಕೋಡೂ ಬರೆದು ತಂದಿದ್ದ. ಅದನ್ನು ತನ್ನ ಗೆಳೆಯರ ಆ್ಯಪಿಗೆ ಹಾಕುತ್ತೇನೆಂದ. ಸಾರ್ ಹೇಳಿದರು: "ನೋಡಿ, ಸ್ವಂತ ಬೀಗ ಮಾಡಿ ಕಲೀರಿ. ಆದ್ರೆ ಆ ಬೀಗನ ಮನೆ ಬಾಗಿಲಿಗೆ ಹಾಕ್ಬೇಡಿ. ಬಾಗಿಲಿಗೆ ಹಾಕೋದು ಸಾವಿರ ಕಳ್ಳರು ಒಡೆಯೋಕೆ ಹೋಗಿ ಸೋತಿರೋ ಬೀಗ. ನಾವು ಒಡೆಯೋಕಾಗದ ಬೀಗ ಅಂದ್ರೆ ಏನರ್ಥ ಗೊತ್ತಾ? ನಮಗೆ ಒಡೆಯೋಕೆ ಬರಲ್ಲ ಅಂತ ಅರ್ಥ, ಅಷ್ಟೇ."

ಅವರ ಕ್ಲಾಸಿನ ಒಂದು ಪದ್ಧತಿ ಇತ್ತು. 'ಅರ್ಥ ಆಯ್ತು ಸಾರ್' ಎಂದರೆ ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಒಡೆದು ತೋರಿಸಬೇಕು. ಯಾರಾದರೂ ಒಂದನ್ನು ಒಡೆದರೆ ಬೋರ್ಡಿನ ಬಲಮೂಲೆಯಲ್ಲಿ ಅವರ ಹೆಸರು ಬರೆದು, ಕೆಳಗೆ 'ಮುಂದಿನ ಹೆಜ್ಜೆ' ಎಂದು ಬರೆದು, ಎರಡು ಚುಕ್ಕೆ ಇಟ್ಟು, ಆ ವ್ಯಕ್ತಿಗೆಂದೇ ಒಂದು ಕೆಲಸ ಬರೆಯುತ್ತಿದ್ದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಲ್ಲ. ಬಿಟಿಎಂ ಇಂಜಿನಿಯರಿಗೆ ಬರೆದದ್ದು: ಒಂದು ತಿಂಗಳು ಲ್ಯಾಪ್‌ಟಾಪ್ ಮುಚ್ಚು, ಪೆನ್ಸಿಲ್ ಹಿಡಿ. ಬ್ಯಾಂಕ್ ಅಂಕಲ್‌ಗೆ: ಗಡಿಯಾರದ ಲೆಕ್ಕದಲ್ಲಿ ಭಾಗಾಕಾರ ಹೇಗೆ, ಮೊಮ್ಮಗಳಿಗೆ ಹೇಳಿಕೊಟ್ಟು ಬನ್ನಿ. ನನಗೆ ಮೊದಲ ಸಲ: ಒಂದೇ ಕೀ-ಯಿಂದ ಎರಡು ಸಂದೇಶ ಮುಚ್ಚಿ, ಒಂದರಿಂದ ಒಂದನ್ನು ಕಳೆದು ನೋಡಿ, ಏನು ಹೊರಗೆ ಬರುತ್ತದೆ ಹೇಳಿ. ಹಾಗೆ ಕಳೆದಾಗ ಕೀ ತಾನಾಗಿಯೇ ಮಾಯವಾಗುವುದನ್ನು ಕಂಡು ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂಗಿಕೊಂಡಿದ್ದೆ.

ಅವರಿಗೆ ಎಲ್ಲವೂ ಬರುತ್ತಿರಲಿಲ್ಲ. ಮುಂದಿನ ಗಣಿತದ ಒಂದು ಜಾಗಕ್ಕೆ ಬಂದಾಗ, "ಇಲ್ಲಿಂದ ನಂಗೂ ಕತ್ತಲೆ," ಎಂದು ಹೇಳಿ ಕುರ್ಚಿ ಎಳೆದುಕೊಂಡು ನಮ್ಮ ಸಾಲಿನಲ್ಲಿ ಕೂತುಬಿಟ್ಟರು. "ಯಾರಿಗಾದ್ರೂ ಗೊತ್ತಾದ್ರೆ ನಂಗೂ ಹೇಳಿ." ಬಿಟಿಎಂ ಇಂಜಿನಿಯರ್ ಎದ್ದು ಹೋಗಿ ತನಗೆ ತಿಳಿದಷ್ಟು ಹೇಳಿದ. ಸಾರ್ ಕೈಯೆತ್ತಿ ಪ್ರಶ್ನೆ ಕೇಳಿದರು, ಮಕ್ಕಳ ಹಾಗೆ ಬೆರಳು ಮೇಲೆ ಮಾಡಿ.

ನಮ್ಮ ಕ್ಲಾಸಿನ ಫೋನ್ ಗ್ರೂಪಿನಲ್ಲಿ ಮೆಸೇಜುಗಳು ಒಂದು ವಾರಕ್ಕೆ ತಾವೇ ಅಳಿಸಿಹೋಗುವಂತೆ ಇಟ್ಟಿದ್ದರು. "ನೋಡಿ, ಮುಚ್ಚಿಡೋದಕ್ಕಿಂತ ಇಲ್ಲದೇ ಇರೋದು ಇನ್ನೂ ಗಟ್ಟಿ. ಇಲ್ಲದೇ ಇರೋದನ್ನ ಯಾರು ಕದೀತಾರೆ?"

ಷೋಭಿ ಸಾಲು ನನ್ನ ತಲೆಯಲ್ಲಿ ಇಡೀ ವಾರ ಸುತ್ತಿತು. ಶಾಲೆಯಲ್ಲಿ ಟಿಸಿ ಬರೆಯುವಾಗಲೂ ಷೋಭಿ, ಸಾಂಬಾರಿಗೆ ಒಗ್ಗರಣೆ ಹಾಕುವಾಗಲೂ ಷೋಭಿ. ಕೀ ಗೊತ್ತಿಲ್ಲ. ಆದರೆ ಬರೆದವರು ಗೊತ್ತು. ಅವರು ಯಾವ ಮಾತನ್ನಾದರೂ ಹೇಗೆ ಶುರುಮಾಡುತ್ತಾರೆ?

ನೋಡಿ.

ಷೋಭಿ, ನೋಡಿ. ಅದೇ ಓತ್ವ, ಅದೇ ಗುಡಿಸು. ನ-ದಿಂದ ಷ-ಗೆ ಎಣಿಸಿದೆ, ಹನ್ನೊಂದು ಮನೆ. ಡ-ದಿಂದ ಭ-ಗೆ, ಅದೂ ಹನ್ನೊಂದು. ಹನ್ನೊಂದನೆಯ ಅಕ್ಷರ ಟ. ಅಂದರೆ ಕೀ-ಯಲ್ಲಿ ಮೊದಲು ಟ, ಮತ್ತೆ ಟ. ಅಟ್ಟ, ಒಟ್ಟು, ಇಟ್ಟಿಗೆ, ಏನು ಹಾಕಿದರೂ ಮುಂದೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಬಸ್ಸೊಂದು ಬಂತು. ಅದರ ಹಣೆಯ ಮೇಲೆ ಇಟ್ಟಮಡು ಎಂದಿತ್ತು. ದಿನಾ ಕಾಣುವ ಹೆಸರು. ಟ, ಟ, ಮ, ಡ. ಅಲ್ಲಿ ನಿಂತೇ ಮೂರನೆಯ ಮತ್ತು ನಾಲ್ಕನೆಯ ಅಕ್ಷರ ಬಿಡಿಸಿದೆ. ನಾ, ನು. ನಾನು!

ಉಳಿದದ್ದನ್ನು ಅಲ್ಲೇ ಬಿಡಿಸಬಹುದಿತ್ತು. ಬಿಡಿಸಲಿಲ್ಲ. ಎಲ್ಲರೆದುರು ಬೋರ್ಡಿನ ಮೇಲೆ ಬಿಡಿಸಬೇಕು ಎಂಬ ಆಸೆ ಬಂತು.

"ಸಾರ್, ಷೋಭಿ ಸಿಕ್ಕಳು," ಎಂದೆ ಒಳಗೆ ಕಾಲಿಡುತ್ತಲೇ.

"ಇಷ್ಟು ಬೇಗ?" ಎಂದರು. ಮಾರ್ಕರನ್ನು ಕೈಗೆ ಕೊಟ್ಟು ಹಿಂದೆ ಹೋಗಿ ಕಿಟಕಿಯ ಹತ್ತಿರ ನಿಂತರು.

ನಾನು ನೋಡಿ ಎಂಬ ಪದದಿಂದ ಹಿಡಿದೆ ಎಂದಾಗ ಎಲ್ಲರೂ ನಕ್ಕರು. "ಸಾರ್ ಸಿಕ್ಕಾಕೊಂಡ್ರು!" ಎಂದ ಬಿಟಿಎಂ ಇಂಜಿನಿಯರ್. ಕೀ ಇಟ್ಟಮಡು ಎಂದಾಗ ಇನ್ನೂ ಜೋರಾಗಿ ನಕ್ಕರು. ಆ ನಗು ನನಗೆ ಏರಿತು. ನಾನು ಸದಾ ಕೊನೆಯ ಬೆಂಚು, ಮಾತು ಕಡಿಮೆ. ಜನ ನನ್ನ ಮಾತಿಗೆ ನಗುವುದು ನನಗೆ ಹೊಸದು.

ಒಂದೊಂದೇ ಅಕ್ಷರ ಹಿಂದಕ್ಕೆ ಸರಿಸಿ ಗಟ್ಟಿಯಾಗಿ ಹೇಳುತ್ತ ಬರೆದೆ. ಮಕ್ಕಳು ಕೂಡಿಸಿ ಓದುವ ಹಾಗೆ, ಅಕ್ಷರದ ಮೇಲೆ ಕಣ್ಣಿಟ್ಟು. ಹಾಗೆ ಓದುವವರಿಗೆ ಪದ ಕೇಳಿಸುವುದಿಲ್ಲ.

"ಪಿ... ಯು... ಸಿ..."

"ಪಿಯುಸಿ! ಕಾಲೇಜ್ ಲವ್ ಸ್ಟೋರಿ ಗುರು!" ಎಂದ ಬಿಟಿಎಂ ಇಂಜಿನಿಯರ್.

"ಸುಮ್ನಿರಯ್ಯ," ಎಂದರು ಬ್ಯಾಂಕ್ ಅಂಕಲ್, ನಗುತ್ತಲೇ.

"ಪಾ... ಸಾ..."

"ಪಾಸಾದೆ, ಫಸ್ಟ್ ಕ್ಲಾಸಲ್ಲಿ! ಬರೀರಿ ಅಕ್ಕ, ಬರೀರಿ."

"ಗಿ..."

ಕೊನೆಯದು ಧ್ಛ. ಒತ್ತಕ್ಷರ. ಎರಡಾಗಿ ಎಣಿಸಬೇಕು, ಒಂದಕ್ಕೆ ಮ, ಇನ್ನೊಂದಕ್ಕೆ ಡ. ಅದನ್ನು ತಪ್ಪಿಲ್ಲದೆ ಮಾಡುವುದರಲ್ಲೇ ನನ್ನ ಗಮನವೆಲ್ಲ ಇತ್ತು. ಲ-ಗೆ ಲ ಒತ್ತು ಬಂತು. ಬರೆದು, ಮಾರ್ಕರ್ ಕೆಳಗಿಟ್ಟು, ಎಲ್ಲರ ಕಡೆ ತಿರುಗಿ, ಬಲಗೈಯ ಎರಡು ಬೆರಳು ಮೇಲೆತ್ತಿ, ಅವರದೇ ಧ್ವನಿಯಲ್ಲಿ, ಗಾಳಿಯನ್ನು ಚಿವುಟುತ್ತ ಇಡೀ ಸಾಲು ಓದಿದೆ.

"ನೋಡಿ, ನಾನು ಪಿಯುಸಿ ಪಾಸಾಗಿಲ್ಲ."

ಚಪ್ಪಾಳೆ ಬಿತ್ತು. ಅಣಕು ಅಷ್ಟು ಚೆನ್ನಾಗಿತ್ತು. ಚಪ್ಪಾಳೆ ನಡುವೆಯೇ ನಿಂತಿತು, ಮೊದಲು ಬ್ಯಾಂಕ್ ಅಂಕಲ್ ಕೈ, ಆಮೇಲೆ ಉಳಿದವರದು. ಬಿಟಿಎಂ ಇಂಜಿನಿಯರ್, "ಸಾರ್, ಸಖತ್ ಜೋಕು ಸಾರ್," ಎಂದು ಸುತ್ತ ನೋಡಿದ. ಕೆಳಗೆ ಗಿರಣಿ ಓಡುತ್ತಲೇ ಇತ್ತು.

ಸಾರ್ ನಗುತ್ತಿದ್ದರು. "ನೋಡಿ..." ಎಂದು ಶುರುಮಾಡಿದರು. ಬೆರಳು ಅರ್ಧ ಮೇಲೆ ಬಂದವು. ಆ ಪದ ಅವರಿಗೇ ಕೇಳಿಸಿತೆಂದು ಕಾಣುತ್ತದೆ, ಬಾಯಿ ಮುಚ್ಚಿಕೊಂಡರು. ಕೈಯನ್ನು ಜೇಬಿಗೆ ಹಾಕಿದರು. ಆಮೇಲೆ ಬೋರ್ಡಿಗೆ ಬಂದು, ಬಲಮೂಲೆಯಲ್ಲಿ ನನ್ನ ಹೆಸರು ಬರೆದು, ಕೆಳಗೆ 'ಮುಂದಿನ ಹೆಜ್ಜೆ' ಎಂದು ಬರೆದು, ಎರಡು ಚುಕ್ಕೆ ಇಟ್ಟರು. ಮಾರ್ಕರಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

"ಇದು ಮುಂದಿನ ವಾರ ಹೇಳ್ತೀನಿ," ಎಂದರು. "ಯೋಚ್ನೆ ಮಾಡ್ಬೇಕು. ಚೆನ್ನಾಗಿ ಒಡೆದ್ರಿ."

ಅದು ಜೋಕಲ್ಲ ಎಂದು ನನಗೆ ಬೋರ್ಡಿನ ಹತ್ತಿರವೇ ತಿಳಿದಿತ್ತು. ಆದರೆ ನಾಚಿಕೆ ಅಲ್ಲೇ ಬರಲಿಲ್ಲ. ಬರೆದರೂ ನಂಬುವುದು ಕಷ್ಟ, ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಖುಷಿಯಾಗಿಯೇ ಇದ್ದೆ. ತಂಗಿಗೆ ಫೋನ್ ಮಾಡಿ, "ನಮ್ಮ ಇಂಜಿನಿಯರ್ ಸಾರ್ ಪಿಯುಸಿ ಫೇಲಂತೆ ಕಣೇ," ಎಂದೆ. 'ಅಂತೆ' ಎಂದೆ, ಯಾರೋ ಹೇಳಿದ್ದನ್ನು ಕೇಳಿದವಳ ಹಾಗೆ. ಹೇಳುವಾಗ ಒಳಗೆ ಒಂದು ಸಣ್ಣ ಸುಖವಿತ್ತು. ನನ್ನದು ಬಿ.ಎ., ಅವರದು ಅದೂ ಇಲ್ಲ. ಅವರ ಕ್ಲಾಸಿಗೆ ಹೋಗುವಾಗಲೆಲ್ಲ ನನಗೆ ಗಣಿತ ಬರುವುದಿಲ್ಲ ಎಂದು ಕುಗ್ಗುತ್ತಿದ್ದವಳಿಗೆ ಆವತ್ತು ಒಂದು ಮೆಟ್ಟಿಲು ಸಿಕ್ಕಿದಂತಾಗಿತ್ತು.

ಸಂಜೆ ಅಕ್ಕಿ ತೊಳೆಯುವಾಗ ಅವರ ಬೆರಳು ಕಣ್ಣೆದುರು ಬಂತು, ಅರ್ಧಕ್ಕೆ ಎದ್ದು ನಿಂತದ್ದು. ನೀರು ಬಸಿಯುವುದನ್ನು ಬಿಟ್ಟು ನಿಂತೆ.

ಮೆಸೇಜು ಮಾಡೋಣವೆನ್ನಿಸಿತು. ಏನೆಂದು? ಕ್ಷಮಿಸಿ ಎಂದು ಬರೆದರೆ ಯಾತಕ್ಕೆ ಎಂದು ಬರೆಯಬೇಕು. ಬರೆದರೆ ಇನ್ನೊಂದು ಸಲ ಓದಿದಂತೆ. ಭಾನುವಾರ ಬೇಗ ಹೋಗಿ, ಅವರು ತಲೆ ಬಾಚಿಕೊಳ್ಳುವಾಗಲೇ ಮೆಟ್ಟಿಲ ಕೆಳಗೆ ನಿಂತು ಹೇಳೋಣ ಎಂದುಕೊಂಡೆ.

ಆ ಭಾನುವಾರ ಬರುವ ಮೊದಲೇ, ವಾರದ ನಡುವೆ ಬೆಳಿಗ್ಗೆ, ಬಿಳೇಕಹಳ್ಳಿಯಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಟೆರೇಸಿಗೆ ಹತ್ತುವಾಗ ಮೆಟ್ಟಿಲಲ್ಲಿ ಕೂತರಂತೆ. ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಅವರ ಫೋನಿನಿಂದ ಅವರ ಹೆಂಡತಿ ಗ್ರೂಪಿಗೆ ಸುದ್ದಿ ಹಾಕಿದರು. ಆ ಮೆಸೇಜೂ ಒಂದು ವಾರಕ್ಕೆ ತಾನೇ ಅಳಿಸಿಹೋಯಿತು. ಅದರ ಜೊತೆಗೆ ಅವರು ನಮಗೆ ಕಳಿಸಿದ್ದ ಕೊನೆಯ ಲೆಕ್ಕಗಳೂ ಹೋದವು.

ಇಟ್ಟಮಡುವಿನ ಮನೆಗೆ ಬ್ಯಾಂಕ್ ಅಂಕಲ್, ಬಿಟಿಎಂ ಇಂಜಿನಿಯರ್, ನಾನು, ಮೂವರೂ ಹೋದೆವು. ಸಣ್ಣ ರಸ್ತೆ, ಎರಡು ಕೋಣೆಯ ಬಾಡಿಗೆ ಮನೆ, ಹೊರಗೆ ಅದೇ ಸ್ಕೂಟರು, ಕನ್ನಡಿಗೆ ಸಿಕ್ಕಿಸಿದ ಬಾಚಣಿಗೆ. ನಾನು ಅಳುತ್ತಿದ್ದೆ. ನನ್ನ ಹಿಂದೆ ಒಬ್ಬ ಹೆಂಗಸು ಇನ್ನೊಬ್ಬರನ್ನು, "ಈಯಮ್ಮ ಯಾರು? ಸಂಬಂಧಾನಾ?" ಎಂದು ಕೇಳಿದ್ದು ಕೇಳಿಸಿತು. ಅಷ್ಟು ಅಳಲು ನನಗೆ ಯಾವ ಸಂಬಂಧವೂ ಇಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡೆ.

ಅವರ ಹೆಂಡತಿ ಹತ್ತಿರ ಕರೆದರು. "ನೀವು ಭಾನುವಾರದ ಕ್ಲಾಸಿನವರಾ?"

"ಹೂಂ ಅಕ್ಕ."

"ಅದೇನೋ ಬೀಗ ಒಡೆದಿದ್ದು ನೀವೇನಾ?"

ತಲೆಯಾಡಿಸಿದೆ.

"ಬಂದು ಹೇಳಿದ್ರು. 'ನನ್ನ ಬೀಗನ ಒಬ್ರು ಒಡೆದುಬಿಟ್ರು ಕಣೇ' ಅಂತ. ನಗ್ತಾ ಇದ್ರು." ಅವರು ಹೊರಗಿನ ಸ್ಕೂಟರಿನ ಕಡೆ ನೋಡಿದರು. "ಊಟ ಮಾತ್ರ ಮಾಡ್ಲಿಲ್ಲ ಅವತ್ತು. ಹೊಟ್ಟೆ ಭಾರ ಅಂದ್ರು. ಆಗ್ಲೇ ಎದೇಲಿ ಏನಾದ್ರೂ ಇತ್ತೇನೋ, ನಂಗೆ ಗೊತ್ತಾಗ್ಲಿಲ್ಲ."

ಅದರಲ್ಲಿ ಏನು ಬರೆದಿತ್ತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಬ್ಯಾಂಕ್ ಅಂಕಲ್ ಸಮಾಧಾನ ಹೇಳಿದರು. "ಒಡೀಲಿ ಅಂತಾನೇ ಬರೆದಿದ್ದು ಕಣಮ್ಮ. ನಮಗೆಲ್ಲ ಪಾಠ ಹೇಳೋ ಮನುಷ್ಯ, ತಾನಿರೋ ಏರಿಯಾನೇ ಕೀ ಮಾಡ್ತಾರಾ? ಮೊದಲ ಪದಾನೇ ನೋಡಿ ಅಂತ ಇಡ್ತಾರಾ? ಬಾಯಿಬಿಟ್ಟು ಹೇಳೋಕಾಗ್ದೆ ಹಂಗೆ ಹೇಳಿದಾರೆ."

"ಹೌದು ಅಕ್ಕ," ಎಂದ ಬಿಟಿಎಂ ಇಂಜಿನಿಯರ್. ಅವತ್ತು ಅವನು ಗುರು, ಮಗಾ ಯಾವುದೂ ಅನ್ನಲಿಲ್ಲ. "ಇಂಜಿನಿಯರ್ ಸಾರ್ ಅಂತ ಜಾಸ್ತಿ ಕರೀತಿದ್ದೋನು ನಾನೇ."

ಅವರು ಹೇಳಿದ್ದು ನಿಜವಿರಬಹುದು. ಹಬ್ಬ ಮುಗಿದ ಮೇಲೆ, ನಿಧಾನವಾಗಿ, ಯಾರಾದರೂ ಒಬ್ಬರು ಮನೆಯಲ್ಲಿ ಕೂತು ಬಿಡಿಸಿ, ಓದಿ, ಸುಮ್ಮನಾಗಿ, ಆಮೇಲೆ ಬಂದು ಮೆಲ್ಲಗೆ 'ಸಾರ್, ಒಡೀತು' ಎನ್ನುತ್ತಾರೆ ಎಂದು ಅವರು ಅಂದುಕೊಂಡಿರಬಹುದು. ಒಡೆಯಲಿ ಎಂದು ಬರೆದಿರಬಹುದು. ಅಣಕಿಸಿ ಓದಲಿ ಎಂದು ಬರೆದಿರಲಾರರು.

ಕ್ಲಾಸು ನಿಂತಿಲ್ಲ. ಕೋಣೆ ಸುಮ್ಮನೆ ಬಿದ್ದಿರುತ್ತದೆ, ನೀವೇ ನಡೆಸಿ ಎಂದಳು ಟ್ಯೂಷನ್ ಗೆಳತಿ. ಭಾನುವಾರ ನಾವು ಮೂವರು ಸರದಿಯಲ್ಲಿ ಹೇಳಿಕೊಡುತ್ತೇವೆ. ನನ್ನ ಸರದಿ ಬಂದಾಗ ಸ್ಟೀಲ್ ಸ್ಕೇಲು ಹಿಡಿದು ಕ ಒಂದು, ಖ ಎರಡು ಎಂದು ಶುರುಮಾಡುತ್ತೇನೆ. ಹೊಸಬರು ಬರುತ್ತಾರೆ. ಹುಳಿಮಾವಿನಿಂದ ಬರುವ ನರ್ಸ್ ಒಬ್ಬರು ಮೊನ್ನೆ ಮೊದಲ ಬೀಗ ಒಡೆದರು. "ಮೇಡಂ, ನೆಕ್ಸ್ಟ್ ಏನು ಓದ್ಲಿ?" ಎಂದರು. ಬೋರ್ಡಿನ ಎಡಮೂಲೆಯಲ್ಲಿ ಅವರ ಹೆಸರು ಬರೆದು, ಎರಡು ಚುಕ್ಕೆ ಇಟ್ಟು, ಒಂದೇ ಕೀ-ಯಿಂದ ಎರಡು ಸಂದೇಶ ಮುಚ್ಚಿ ಎಂದು ಬರೆದೆ. ನನಗೆ ಕೊಟ್ಟದ್ದನ್ನೇ ಕೊಟ್ಟೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಲ್ಲ ಎಂಬುದು ಗೊತ್ತು. ಅವರಿಗೆಂದೇ ಒಂದನ್ನು ಯೋಚಿಸುವಷ್ಟು ಇನ್ನೂ ನನಗೆ ಬರುವುದಿಲ್ಲ.

ಪಾಠ ಹೇಳುವಾಗ 'ನೋಡಿ' ಎಂಬ ಪದ ಬಾಯಿಗೆ ಬಂದರೆ ನುಂಗುತ್ತೇನೆ. ಎಷ್ಟು ಸಲ ಬರುತ್ತದೆ ಆ ಪದ, ಕನ್ನಡದಲ್ಲಿ ಏನನ್ನು ಹೇಳಿಕೊಡಲು ಹೋದರೂ.

ಷೋಭಿ ಸಾಲನ್ನು ನಾನೇ ಒರೆಸಿದೆ. ಬಲಮೂಲೆಯನ್ನು ಯಾರೂ ಮುಟ್ಟಿಲ್ಲ, ಟ್ಯೂಷನ್ ಮಕ್ಕಳೂ ಮುಟ್ಟುವುದಿಲ್ಲ, ಸುತ್ತ ಬ್ಯಾಂಕ್ ಅಂಕಲ್ ಚೌಕ ಎಳೆದಿದ್ದಾರೆ. ಅದರಲ್ಲಿ ನನ್ನ ಹೆಸರಿದೆ. ಕೆಳಗೆ ಮುಂದಿನ ಹೆಜ್ಜೆ ಎಂದಿದೆ, ಎರಡು ಚುಕ್ಕೆ ಇವೆ. ಅದರ ಮುಂದೆ ಏನೂ ಇಲ್ಲ.